ನಾನು ಔಲೇರಿಯನ್ ಆದ ಚಳಿಗಾಲ

ಕಳೆದ ಅಕ್ಟೋಬರಿನಲ್ಲಿ ನ್ಯೂಜೆರ್ಸಿಯ ಬ್ರಿಡ್ಜ್‌ವಾಟರ್‌ನ ಗೆಳತಿಯೊಬ್ಬಳ ಮನೆಯಲ್ಲಿ ಅವಳ ಮಗಳ ಹುಟ್ಟುಹಬ್ಬ. ಕೇಕಿನ ಮೇಲೆ ಆರು ಮೇಣದಬತ್ತಿ. ಹುಡುಗಿ ಕೆನ್ನೆ ಉಬ್ಬಿಸಿ ಒಂದೇ ಉಸಿರಿಗೆ ಊದಿದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಕೇಕಿನ ಪಕ್ಕದಲ್ಲೇ ನಿಂತಿದ್ದರಿಂದ ಆರಿದ ಬತ್ತಿಗಳ ಹೊಗೆ ನೇರವಾಗಿ ನನ್ನ ಮುಖಕ್ಕೆ ಬಂತು. ಕೈಯಲ್ಲಿದ್ದ ತಟ್ಟೆಯನ್ನು ಅಲ್ಲೇ ಇಟ್ಟು, ಹಿಂದಿನ ಬಾಗಿಲು ತೆಗೆದು ಡೆಕ್ಕಿಗೆ ಹೋಗಿ ನಿಂತೆ.

ಗೆಳತಿ ಹಿಂದೆಯೇ ಬಂದಳು. "ಏನಾಯ್ತೇ ಭಾಗ್ಯ? ತಲೆ ಸುತ್ತು ಬಂತಾ?"

"ಹೊಗೆ ಕಣೇ."

"ಆರು ಕ್ಯಾಂಡಲ್ ಹೊಗೇನಾ? ನಿನ್ನ ಗೃಹಪ್ರವೇಶದಲ್ಲಿ ಹೋಮದ ಹೊಗೆಗೆ ಫೈರ್ ಇಂಜಿನ್ನೇ ಬಂತು. ಆಗ ನಗ್ತಾ ಕೂತಿದ್ಯಲ್ಲೇ!"

ನಾನು ಆಗಲೂ ನಕ್ಕುಬಿಟ್ಟೆ. ಅವಳಿಗೆ ಹೇಳಲಿಲ್ಲ. ಅಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ. ಈಗ ಬರೆಯುತ್ತಿದ್ದೇನೆ. ಕಂಡದ್ದನ್ನು ಕಂಡ ಕ್ರಮದಲ್ಲೇ ಬರೆಯುತ್ತೇನೆ, ಹಿಂದೊಮ್ಮೆ ಬರೆಯದೆ ಬಿಟ್ಟದ್ದನ್ನೂ ಸೇರಿಸಿ.

ಒಂಬತ್ತು ವರ್ಷದ ಹಿಂದೆ ನಾನು ನ್ಯೂಜೆರ್ಸಿಯ ಒಂದು ಹಳೆಯ ವಿಶ್ವವಿದ್ಯಾಲಯಕ್ಕೆ ಪಿಎಚ್‌ಡಿ ಮಾಡಲು ಬಂದೆ. ಮೊದಲ ವರ್ಷ ನನಗೆ ಸಿಕ್ಕಿದ್ದು ಕ್ಯಾಂಪಸ್ಸಿನ ಅತಿ ಹಳೆಯ ವಸತಿಗೃಹದಲ್ಲಿ ಒಂದು ಕೋಣೆ. ಕಲ್ಲಿನ ಕಟ್ಟಡ, ಚೂಪು ಕಮಾನಿನ ಕಿಟಕಿಗಳು, ಮಧ್ಯದಲ್ಲಿ ಹುಲ್ಲಿನ ಚೌಕ. ಅದಕ್ಕೊಂದು ಹೆಸರಿತ್ತು, ಆದರೆ ಅಲ್ಲಿದ್ದವರು ಬರೀ 'ಹಾಲ್' ಅನ್ನುತ್ತಿದ್ದರು. ಅಲ್ಲಿ ಕೋಣೆ ಸಿಕ್ಕಿದವರೆಲ್ಲ ಹಾಲ್‌ನವರಲ್ಲ. ಆಗಸ್ಟಿನಲ್ಲಿ ಬಂದವರು ಡಿಸೆಂಬರ್‌ವರೆಗೆ ಗೆಸ್ಟ್. ಡಿಸೆಂಬರಿನ ಎರಡನೆಯ ವಾರ ಮೇಣದಬತ್ತಿಯ ಬೆಳಕಿನಲ್ಲಿ ಒಂದು ಊಟ. ಆ ಊಟದ ಕೊನೆಗೆ, ನೂರು ವರ್ಷಕ್ಕೂ ಹಳೆಯದಾದ ಚರ್ಮದ ರಟ್ಟಿನ ಪುಸ್ತಕದಲ್ಲಿ ಸಹಿ ಹಾಕಬೇಕು. ಸಹಿ ಹಾಕಿದ ಮೇಲೆ ನೀವು ಔಲೇರಿಯನ್.

ಆ ಪದ ನನಗೆ ಗೊತ್ತಿರಲಿಲ್ಲ. ಇಂಗ್ಲಿಷೇ ಹುಟ್ಟುಭಾಷೆಯಾದ ನನ್ನ ಲ್ಯಾಬಿನವರಿಗೂ ಗೊತ್ತಿರಲಿಲ್ಲ. ಕಂಪ್ಯೂಟರಿನಲ್ಲಿ ಬರೆದರೆ ಕೆಳಗೆ ಕೆಂಪು ಗೆರೆ ಬರುತ್ತಿತ್ತು. ಲ್ಯಾಟಿನ್‌ನಲ್ಲಿ ಔಲಾ ಅಂದರೆ ಹಜಾರ, ಇಂಗ್ಲೆಂಡಿನ ಪುರಾತನ ವಿದ್ಯಾರ್ಥಿನಿಲಯಗಳ ಸದಸ್ಯರನ್ನು ಹಾಗೆ ಕರೆಯುತ್ತಿದ್ದರು, ನಮ್ಮ ಹಾಲ್ ಕಟ್ಟಿಸಿದವರು ಅಲ್ಲಿಂದ ತಂದರು ಎಂದು ಗ್ರಾಂಟ್ ವಿವರಿಸಿದ. ಗ್ರಾಂಟ್ ಆ ವರ್ಷದ ಸೀನಿಯರ್, ಅಂದರೆ ಅಲ್ಲಿನ ನಿವಾಸಿಗಳೇ ಆರಿಸಿದ ಮುಖ್ಯಸ್ಥ. ಇತಿಹಾಸದ ಪಿಎಚ್‌ಡಿ ಮುಗಿಸುವ ಹಂತದಲ್ಲಿದ್ದ. ಒಳ್ಳೆಯ ಮನುಷ್ಯ. ಇದನ್ನು ವ್ಯಂಗ್ಯವಾಗಿ ಹೇಳುತ್ತಿಲ್ಲ. ನನ್ನ ಕೋಣೆಯ ಹೀಟರ್ ಕೆಟ್ಟಾಗ ಮೂರು ಕಡೆ ಫೋನ್ ಮಾಡಿ ಸರಿ ಮಾಡಿಸಿದ. ಬಾಡಿಗೆ ಕಾರಿನಲ್ಲಿ ಕೂರಿಸಿಕೊಂಡು ಡ್ರೈವಿಂಗ್ ಕಲಿಸಿದ. ನನ್ನ ಮೊದಲ ಸೆಮಿನಾರ್ ಪೇಪರನ್ನು ಸಾಲು ಸಾಲಾಗಿ ತಿದ್ದಿದ.

ಹಾಲ್ ಎಂಬುದು ನನಗೆ ಯಾಕೆ ಅಷ್ಟು ದೊಡ್ಡದಾಯಿತು ಎಂದು ಹೇಳಲೇಬೇಕು. ನಾನು ಪಿಯುಸಿಯಿಂದ ಎಂಎಸ್ಸಿವರೆಗೆ ಮೈಸೂರಿನಲ್ಲಿ ಹಾಸ್ಟೆಲಿನಲ್ಲೇ ಓದಿದವಳು. ಅಲ್ಲಿ 'ಯಾವ ಹಾಸ್ಟೆಲ್?' ಎಂದು ಕೇಳುವವರಿಗೆ ಬೇಕಾಗಿರುವುದು ವಿಳಾಸವಲ್ಲ. ಒಂದೊಂದು ಜನಾಂಗಕ್ಕೆ ಒಂದೊಂದು ಹಾಸ್ಟೆಲ್ ಇರುವ ಊರಿನಲ್ಲಿ ಆ ಉತ್ತರವೇ ಎಲ್ಲವನ್ನೂ ಹೇಳಿಬಿಡುತ್ತದೆ. ನಾನು 'ಬಿಸಿಎಂ ಹಾಸ್ಟೆಲ್' ಅಂದರೆ ಸಾಕು, ಎದುರಿನವರ ಮುಖದಲ್ಲಿ ಒಂದು ಸಣ್ಣ ಲೆಕ್ಕಾಚಾರ ನಡೆದು ಮುಗಿಯುತ್ತಿತ್ತು. ಏಳು ವರ್ಷ ಅದನ್ನು ನೋಡಿದ್ದೆ. ಔಲೇರಿಯನ್ ಅಂದರೆ ಯಾರ ಮುಖದಲ್ಲೂ ಯಾವ ಲೆಕ್ಕವೂ ನಡೆಯುವುದಿಲ್ಲ. ಕೇಳಿದವರು 'ಹಾಗಂದರೇನು?' ಅನ್ನುತ್ತಾರೆ. ನಾನು ತಿಳಿಸಿ ಹೇಳುತ್ತೇನೆ. ಆ ಡಿಸೆಂಬರಿಗಾಗಿ ನಾನು ಕಾದಷ್ಟು ನನ್ನ ವೀಸಾಕ್ಕೂ ಕಾದಿರಲಿಲ್ಲ.

ಹಾಲ್‌ನ ಊಟದ ಮನೆಯನ್ನು ನೋಡಿಕೊಳ್ಳುತ್ತಿದ್ದವರು ಪುಟ್ಟಸ್ವಾಮಿ. ಕೊಳ್ಳೇಗಾಲದ ಕಡೆಯವರು. ಯಾರದೋ ಮನೆಯ ಅಡುಗೆಯವರಾಗಿ ನ್ಯೂಯಾರ್ಕಿಗೆ ಬಂದು, ಹೋಟೆಲುಗಳಲ್ಲಿ ದುಡಿದು, ಕೊನೆಗೆ ಈ ಹಾಲ್ ಸೇರಿ ಹತ್ತೊಂಬತ್ತು ವರ್ಷವಾಗಿತ್ತು. ಅಮೆರಿಕನ್ನರಿಗೆ ಅವರು 'ಸ್ವಾಮಿ'. ಮೊದಲ ವಾರ ನಾನು ಬರೀ ಬ್ರೆಡ್ಡು ಹಣ್ಣು ಹಾಕಿಕೊಂಡು ಕೂತಿದ್ದನ್ನು ನೋಡಿ ಹತ್ತಿರ ಬಂದು ಇಂಗ್ಲಿಷಿನಲ್ಲಿ ಊರು ಕೇಳಿದರು. ಹೇಳಿದೆ.

"ಅಯ್ಯೋ, ನಮ್ ಕಡೆಯೋರೇ ಕನವ್ವ! ಅದ್ಯಾಕಂಗೆ ಕಾಯಿಲೆಯವ್ರಂಗೆ ಬ್ರೆಡ್ ತಿಂತೀರಿ? ನಾಳಿಕ್ಕೆ ಹಿಂದಿನ ಬಾಗ್ಲಿಗೆ ಬನ್ನಿ."

ಮರುದಿನ ಅಡುಗೆಮನೆಯ ಹಿಂದಿನ ಬಾಗಿಲಲ್ಲಿ ಸ್ಟೀಲ್ ಡಬ್ಬಿಯಲ್ಲಿ ಉಪ್ಸಾರು, ಎರಡು ಮುದ್ದೆ. "ಮುಂದಿನ ಬಾಗ್ಲಲ್ಲಿ ನೀವು ಲಾರ್ಡು, ಹಿಂದಿನ ಬಾಗ್ಲಲ್ಲಿ ನಮ್ಮವ್ವ," ಎಂದು ನಗುತ್ತಿದ್ದರು. ನಾನು ಅಣ್ಣ ಎಂದು ಕರೆಯುತ್ತಿದ್ದೆ. ಅವರ ಮಗಳು ಮೇಘನಾ ಆಗ ಬೇರೆ ಊರಿನ ಒಂದು ಕಾಲೇಜಿನಲ್ಲಿ ಎರಡನೆಯ ವರ್ಷ. ವಿಶ್ವವಿದ್ಯಾಲಯದ ನೌಕರರ ಮಕ್ಕಳು ಎಲ್ಲಿ ಓದಿದರೂ ಫೀಜಿನ ಬಹುಪಾಲು ವಿಶ್ವವಿದ್ಯಾಲಯವೇ ಕಟ್ಟುತ್ತಿತ್ತು. "ಈ ಕೆಲಸದಾಗೆ ನಾನಿರೋದೇ ಅದಕ್ಕೆ ಕನವ್ವ," ಎಂದು ಒಮ್ಮೆ ಹೇಳಿದ್ದರು. "ಇನ್ನೆರಡು ವರ್ಸ. ಅವಳ್ದು ಮುಗೀಲಿ, ಆಮ್ಯಾಕೆ ಈ ಕೋಟು ಬಿಚ್ಚಿ ಬಿಸಾಕ್ತೀನಿ."

ಡಿಸೆಂಬರಿನ ಆ ಊಟ ಸಂಜೆ ಐದಕ್ಕೆ ಶುರುವಾಯಿತು. ಹೊರಗೆ ಆಗಲೇ ಕತ್ತಲು, ಹಿಂದಿನ ದಿನದ ಹಿಮ ಗಟ್ಟಿಯಾಗಿ ಹುಲ್ಲಿನ ಮೇಲೆ ಕೂತಿತ್ತು. ಎಲೆಕ್ಟ್ರಿಕ್ ದೀಪ ಆರಿಸಿ ಹನ್ನೆರಡು ದೊಡ್ಡ ಮೇಣದಬತ್ತಿ ಹಚ್ಚಿದ್ದರು. ಹಚ್ಚುವುದು ಆರಿಸುವುದು ಎರಡೂ ನೌಕರರ ಕೆಲಸ, ಬೇರೆ ಯಾರೂ ಮುಟ್ಟಬಾರದು ಎಂಬುದು ಬೆಂಕಿ ಸುರಕ್ಷತೆಯ ನಿಯಮ. ನಾವು ಒಂಬತ್ತು ಜನ ಹೊಸಬರು ಕಪ್ಪು ಗೌನು ಹಾಕಿಕೊಂಡು ಸಾಲಾಗಿ ಹೋಗಿ ಸಹಿ ಹಾಕಿದೆವು. ಸಹಿಗೆ ಮುಂಚೆ ಗ್ರಾಂಟ್ ಪ್ರತಿಯೊಬ್ಬರನ್ನೂ ಒಂದು ಪ್ರಶ್ನೆ ಕೇಳುತ್ತಿದ್ದ: "ಹಾಲ್‌ನ ಮಾತನ್ನು ಹಾಲ್‌ನಲ್ಲೇ ಇಡುವೆಯಾ?" ಇಡುತ್ತೇನೆ ಎನ್ನಬೇಕು. ಅದರ ಅರ್ಥವನ್ನು ಮೊದಲೇ ಹೇಳಿಕೊಟ್ಟಿದ್ದರು. ಸದಸ್ಯರ ನಡುವೆ ಏನೇ ಆದರೂ ಒಳಗೇ ಕೂತು ತೀರಿಸಿಕೊಳ್ಳಬೇಕು. ಒಬ್ಬ ಔಲೇರಿಯನ್ ಇನ್ನೊಬ್ಬ ಔಲೇರಿಯನ್‌ನ ಹೆಸರನ್ನು ಹೊರಗಿನವರಿಗೆ ಬರೆದುಕೊಡುವುದಿಲ್ಲ. ನಾನು ಇಡುತ್ತೇನೆ ಎಂದೆ. ಸಹಿ ಹಾಕುವಾಗ ಭಾಗ್ಯಲಕ್ಷ್ಮಿಯ ಕೊನೆಯ ಅಕ್ಷರ ಗೆರೆಯಿಂದ ಕೆಳಗೆ ಜಾರಿತು.

ಆರೂವರೆಗೆ ಊಟ ಮುಗಿಯಿತು. ಪುಟ್ಟಸ್ವಾಮಿಯವರು ಮೇಣದಬತ್ತಿ ಆರಿಸುವುದನ್ನು ನಾನು ನಿಂತು ನೋಡಿದೆ. ಉದ್ದ ಹಿಡಿಯ ತುದಿಯಲ್ಲಿ ಪುಟ್ಟ ಹಿತ್ತಾಳೆಯ ಟೋಪಿ. ಅದನ್ನು ಜ್ವಾಲೆಯ ಮೇಲೆ ಕವುಚಿ ಮೂರು ಎಣಿಸುವಷ್ಟು ಹೊತ್ತು ಹಿಡಿಯುವರು. ಆಮೇಲೆ ಬೆರಳು ಒದ್ದೆ ಮಾಡಿ ಬತ್ತಿಯನ್ನು ಚಿವುಟುವರು. "ಊದಿಬಿಟ್ಟರೆ ಬೇಗ ಆಗಲ್ವಾ ಅಣ್ಣ?" ಎಂದೆ.

"ಬಾಯಾಗೆ ಊದಿ ದೀಪ ಆರಿಸ್ತಾರಾ ಯಾರಾನ? ಎಂಎಸ್ಸಿ ಓದಿವ್ನಿ ಅಂತೀರಿ, ಮನೇಲಿ ಏನೂ ಕಲೀನಿಲ್ವಾ?" ಎಂದು ಬೈದರು. ಹನ್ನೆರಡನ್ನೂ ಶಾಂತ ಮಾಡಿ, ಗೋಡೆಯ ಎರಡು ದೀಪ ಹಾಕಿ, ತಟ್ಟೆಗಳ ಗಾಡಿ ತಳ್ಳಿಕೊಂಡು ಅಡುಗೆಮನೆಗೆ ಹೋದರು. ನಾನು ಕೋಣೆಗೆ ಹೋದೆ.

ಕುರ್ಚಿಯ ಮೇಲೆ ಶಾಲು ಬಿಟ್ಟದ್ದು ಕೋಣೆಗೆ ಹೋದ ಮೇಲೆ ನೆನಪಾಯಿತು. ಏಳಕ್ಕೆ ಹತ್ತು ನಿಮಿಷವಿದೆ ಎನ್ನುವಾಗ ಕೆಳಗಿಳಿದು ಬಂದೆ. ಊಟದ ಮನೆಯಲ್ಲಿ ಗ್ರಾಂಟ್ ಒಬ್ಬನೇ ಇದ್ದ. ಗೋಡೆಯ ದೀಪ ಆರಿಸಿದ್ದ. ಕಿಟಕಿಯ ಪಕ್ಕದ ಮೇಜಿನ ಮೇಲೆ ಪುಸ್ತಕ ತೆರೆದಿತ್ತು. ಅದರ ಹತ್ತಿರ ಒಂದು ಮೇಣದಬತ್ತಿಯನ್ನು ಅವನೇ ಮತ್ತೆ ಹಚ್ಚಿ ಇಟ್ಟಿದ್ದ. ನಮ್ಮ ಸಹಿಗಳ ಪುಟದ ಫೋಟೋ ತೆಗೆಯುತ್ತಿದ್ದ. ನನ್ನನ್ನು ನೋಡಿ ತುಂಟ ಹುಡುಗನ ಹಾಗೆ ತುಟಿಯ ಮೇಲೆ ಬೆರಳಿಟ್ಟುಕೊಂಡ. ನಾನು ನಕ್ಕೆ. ಶಾಲು ಎತ್ತಿಕೊಂಡು, ನಗುತ್ತಲೇ ಹೊರಗೆ ಬಂದೆ.

ಏಳೂ ಐದಕ್ಕೆ ಅಲಾರಂ ಹೊಡೆಯಿತು. ನಾವೆಲ್ಲ ಹಿಮದಲ್ಲಿ ನಿಂತು ಕಿಟಕಿಯೊಳಗಿನ ಕೆಂಪನ್ನು ನೋಡಿದೆವು. ಗ್ರಾಂಟ್‌ಗೆ ಯಾವುದೋ ಫೋನ್ ಬಂದು, ಬತ್ತಿಯನ್ನು ಹಾಗೇ ಬಿಟ್ಟು, ಮಾತಾಡುತ್ತ ಮೆಟ್ಟಿಲು ಹತ್ತಿ ಹೋಗಿದ್ದನೆಂದು ಆಮೇಲೆ ತಿಳಿಯಿತು. ಮಖಮಲ್ಲಿನ ಪರದೆಗೆ ಬೆಂಕಿ ತಾಗಿತ್ತು. ಅಡುಗೆಮನೆಯಿಂದ ಓಡಿಬಂದ ಪುಟ್ಟಸ್ವಾಮಿಯವರು ಉರಿಯುವ ಪರದೆಯನ್ನು ಎರಡೂ ಕೈಯಿಂದ ಎಳೆದು ನೆಲಕ್ಕೆ ಕೆಡವಿದರು. ಆಮೇಲೆ ಚಾವಣಿಯಿಂದ ನೀರು ಸುರಿಯಿತು. ಅವರನ್ನು ಆಂಬುಲೆನ್ಸಿನಲ್ಲಿ ಕರೆದುಕೊಂಡು ಹೋದಾಗ ಎರಡೂ ಅಂಗೈಗಳನ್ನು ಆಕಾಶಕ್ಕೆ ಹಿಡಿದಿದ್ದರು. ಪುಸ್ತಕದ ಒಂದು ಅಂಚು ಸುಟ್ಟು, ಅರ್ಧ ನೆನೆದು ಹೋಯಿತು. ಆ ವಾರವೆಲ್ಲ ಹಾಲ್‌ನಲ್ಲಿ ಜನ ಮಾತಾಡಿದ್ದು ಪುಸ್ತಕದ ಬಗ್ಗೆ. ಪುಟಗಳನ್ನು ಒಣಗಿಸಲು ನ್ಯೂಯಾರ್ಕಿನಿಂದ ತಜ್ಞರು ಬಂದರು. ಪುಟ್ಟಸ್ವಾಮಿಯವರಿಗೆ ಒಂದು ಕಾರ್ಡು ಕಳಿಸಿದೆವು. 'ಥ್ಯಾಂಕ್ಯೂ ಸ್ವಾಮಿ' ಎಂದು ಬರೆದು ಎಲ್ಲ ಔಲೇರಿಯನ್ನರೂ ಸಹಿ ಹಾಕಿದರು. ಗ್ರಾಂಟ್‌ನ ಸಹಿ ಮೊದಲು, ನನ್ನದು ನಡುವೆ ಎಲ್ಲೋ.

ಬೆಂಕಿಯ ಮರುದಿನ ಬೆಳಿಗ್ಗೆ ಬಟ್ಟೆ ಒಗೆಯುವ ಕೋಣೆಗೆ ಗ್ರಾಂಟ್ ಬಂದ. ಅವನ ಮುಖ ಬಿಳಿಚಿಕೊಂಡಿತ್ತು. ತಾನು ಮಾಡಿದ್ದನ್ನು ಅವನು ನನ್ನೆದುರು ಅಲ್ಲಗಳೆಯಲಿಲ್ಲ. "ಯಾರಿಗೂ ಏನೂ ಆಗುವುದಿಲ್ಲ, ಇನ್ಶೂರೆನ್ಸ್ ಇದೆ," ಎಂದ. "ನೀನು ಸುಳ್ಳು ಹೇಳಬೇಕು ಅಂತ ನಾನು ಕೇಳುತ್ತಿಲ್ಲ. ಯಾವತ್ತೂ ಕೇಳುವುದಿಲ್ಲ. ಅವರು ಕೇಳಿದ್ದಕ್ಕಷ್ಟೇ ಉತ್ತರ ಕೊಡು. ಉಳಿದದ್ದು ಹಾಲ್‌ನ ಮಾತು."

ಬೆಂಕಿ ಸುರಕ್ಷತೆಯ ಕಚೇರಿಯವರು ನಮಗೆಲ್ಲ ಒಂದು ಪುಟದ ಫಾರಂ ಕೊಟ್ಟರು. ಮೂರು ಪ್ರಶ್ನೆ. ನೀವು ಊಟದ ಮನೆಯಿಂದ ಕೊನೆಯ ಸಲ ಹೊರಬಂದದ್ದು ಯಾವಾಗ? ಏಳಕ್ಕೆ ಹತ್ತು ನಿಮಿಷವಿದ್ದಾಗ ಎಂದು ಬರೆದೆ. ನೀವು ಹೊರಬಂದಾಗ ಯಾವುದಾದರೂ ಮೇಣದಬತ್ತಿ ಉರಿಯುತ್ತಿತ್ತೇ? ಹೌದು, ಒಂದು. ಆಗ ನೌಕರರು ಯಾರಾದರೂ ಅಲ್ಲಿ ಇದ್ದರೇ? ಇಲ್ಲ. ಕೆಳಗೆ ಒಂದು ಖಾಲಿ ಚೌಕ, 'ಬೇರೆ ಏನಾದರೂ ತಿಳಿಸುವುದಿದೆಯೇ' ಎಂದು. ಅದರಲ್ಲಿ ಒಂದು ಅಡ್ಡಗೆರೆ ಎಳೆದೆ.

ವೀಸಾದ ಭಯದಿಂದ ಹಾಗೆ ಮಾಡಿದೆ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಅದು ನಿಜವಲ್ಲ. ಆ ಚೌಕದ ಮುಂದೆ ಕೂತಾಗ ವೀಸಾ ನೆನಪಿಗೇ ಬರಲಿಲ್ಲ. ನೆನಪಿಗೆ ಬಂದದ್ದು ಗ್ರಾಂಟ್ ಕೇಳಿದ ಪ್ರಶ್ನೆ, ನಾನು ಕೊಟ್ಟ ಉತ್ತರ. ಔಲೇರಿಯನ್ ಆಗಿ ನನಗೆ ಎರಡು ದಿನವಾಗಿತ್ತು. ನಾನು ನಿಷ್ಠೆ ತೋರಿಸುತ್ತಿದ್ದೇನೆ ಎಂದುಕೊಂಡಿದ್ದೆ. ಅದರಲ್ಲಿ ಒಂದು ಹೆಮ್ಮೆಯೂ ಇತ್ತು.

ಮೂರು ಉತ್ತರವೂ ಸತ್ಯ. ಮೂರನ್ನೂ ಒಟ್ಟಿಗೆ ಓದಿದವರಿಗೆ ಕಾಣುವುದು ಒಂದೇ: ನೌಕರ ಒಂದು ಮೇಣದಬತ್ತಿ ಆರಿಸುವುದನ್ನು ಮರೆತು ಹೋಗಿದ್ದಾನೆ. ಉಳಿದವರೆಲ್ಲ ಆರೂವರೆಗೇ ಹೋಗಿದ್ದರಿಂದ ಅವರು ಏನೂ ನೋಡಿರಲಿಲ್ಲ. ಗ್ರಾಂಟ್ ತನ್ನ ಫಾರಂನಲ್ಲಿ ಏನು ಬರೆದ ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ನಾನು ಕೇಳಲಿಲ್ಲ.

ಜನವರಿಯ ಕೊನೆಗೆ ಪುಟ್ಟಸ್ವಾಮಿಯವರು ಒಮ್ಮೆ ಬಂದರು. ಕೆಲಸಕ್ಕಲ್ಲ, ವಿಚಾರಣೆ ಮುಗಿಯುವವರೆಗೆ ಅವರನ್ನು ದೂರ ಇಟ್ಟಿದ್ದರು. ಲಾಕರ್‌ನಲ್ಲಿದ್ದ ತಮ್ಮ ಸಾಮಾನು ಒಯ್ಯಲು ಬಂದಿದ್ದರು. ಎರಡೂ ಕೈಗೆ ಬ್ಯಾಂಡೇಜು. ಹಿಂದಿನ ಬಾಗಿಲಲ್ಲಿ ಅವರ ಚೀಲ ನಾನು ಹಿಡಿದುಕೊಂಡೆ. ಹಿಮ ಬೀಳುತ್ತಿತ್ತು.

"ಕೈ ಹೇಗಿದೆ ಅಣ್ಣ?"

"ಆಯ್ತದೆ ಬುಡಿ. ಬಲಗೈ ಬೆರಳು ಇನ್ನೂ ಮಡಿಸಾಕಾಗಕ್ಕಿಲ್ಲ." ಬ್ಯಾಂಡೇಜಿನ ಮೇಲೆ ಬಿದ್ದ ಹಿಮವನ್ನು ತೋಳಿಗೆ ಒರೆಸಿಕೊಂಡರು. "ಹನ್ನೆರಡೂ ನಾನೇ ಶಾಂತ ಮಾಡಿವ್ನಿ ಕನವ್ವ. ನೀವೂ ನಿಂತು ನೋಡಿದ್ರಿ. ಯಾರೂ ನಂಬಾಕಿಲ್ಲ. ನಿಮಗೆ ಏನಾರ ಕಂಡಿದ್ರೆ ಅದ ಹೇಳಿ. ಹೆಚ್ಚಿಗೆ ಬ್ಯಾಡ, ಕಂಡಿದ್ದಷ್ಟೇ."

"ನಾನು ಕಂಡದ್ದನ್ನ ಆಗ್ಲೇ ಬರೆದುಕೊಟ್ಟಿದ್ದೀನಿ ಅಣ್ಣ," ಎಂದೆ.

ಅವರು ನನ್ನ ಮುಖ ನೋಡಿದರು. "ಹಂಗಾ," ಎಂದರು. ಆಮೇಲೆ ಚೀಲಕ್ಕಾಗಿ ತೋಳು ಚಾಚಿದರು. "ಕೊಡಿ ಮೇಡಂ, ಬಸ್ ಬತ್ತದೆ."

ಅವರು ನನ್ನನ್ನು ಮೇಡಂ ಎಂದು ಕರೆದದ್ದು ಅದೇ ಮೊದಲು.

ಮಾರ್ಚಿನಲ್ಲಿ ವಿಚಾರಣೆ ಮುಗಿಯಿತು. ನಿರ್ಲಕ್ಷ್ಯ ಎಂದು ತೀರ್ಮಾನಿಸಿ ಕೆಲಸದಿಂದ ತೆಗೆದರು. ನನಗೆ ಗೊತ್ತಾದದ್ದು ಪಾತ್ರೆ ತೊಳೆಯುವ ಹೆಂಗಸೊಬ್ಬಳಿಂದ. ಮಗಳು ಕಾಲೇಜು ಬಿಟ್ಟು ಬಂದಳಂತೆ, ಮನೆಯವರೆಲ್ಲ ಲಾಂಗ್ ಐಲೆಂಡಿನ ಸಂಬಂಧಿಕರ ಹತ್ತಿರ ಹೋದರಂತೆ ಎಂದಳು. ಆ ಸಂಜೆ ಹಾಲ್‌ನಲ್ಲಿ ಪುಸ್ತಕ ವಾಪಸ್ಸು ಬಂದ ಸಂತೋಷಕ್ಕೆ ಒಂದು ಊಟ. ಸುಟ್ಟ ಅಂಚನ್ನು ಎಷ್ಟು ನಾಜೂಕಾಗಿ ಸರಿ ಮಾಡಿದ್ದಾರೆ ಎಂದು ಎಲ್ಲರೂ ಬಗ್ಗಿ ನೋಡಿದರು. ನಾನೂ ನೋಡಿದೆ. ನನ್ನ ಸಹಿಗೆ ಏನೂ ಆಗಿರಲಿಲ್ಲ. ಮೇ ತಿಂಗಳಲ್ಲಿ ನಾನು ಬೇರೆ ಮನೆ ಹುಡುಕಿಕೊಂಡೆ. ಗ್ರಾಂಟ್‌ಗೆ ಪದವಿ ಬಂತು, ಬೇರೆ ರಾಜ್ಯದಲ್ಲಿ ಕೆಲಸ ಸಿಕ್ಕಿತು. ನನಗೂ ಕಾಲಕ್ರಮದಲ್ಲಿ ಪದವಿ ಬಂತು, ಔಷಧ ಕಂಪನಿಯಲ್ಲಿ ಕೆಲಸ ಸಿಕ್ಕಿತು, ಮನೆ ಕೊಂಡೆ.

ಹುಟ್ಟುಹಬ್ಬದ ಮನೆಯಿಂದ ಬಂದ ಮರುದಿನ ನಾನು ವಿಶ್ವವಿದ್ಯಾಲಯಕ್ಕೆ ಪತ್ರ ಬರೆದೆ. ಎರಡು ಪುಟ. ಮೇಣದಬತ್ತಿಯನ್ನು ಮತ್ತೆ ಹಚ್ಚಿದವನ ಹೆಸರು ಬರೆದೆ, ನಾನು ಎಳೆದ ಅಡ್ಡಗೆರೆಯ ಬಗ್ಗೆ ಬರೆದೆ. ಮೂರು ವಾರದ ಮೇಲೆ ಉತ್ತರ ಬಂತು. 'ಪ್ರಿಯ ಔಲೇರಿಯನ್' ಎಂದು ಶುರುವಾಗಿತ್ತು. ಆ ಪ್ರಕರಣದ ಕಡತ ಮುಗಿದಿದೆ, ಆಗಿನ ಅಧಿಕಾರಿಗಳು ಈಗ ಇಲ್ಲ, ನೆನಪುಗಳನ್ನು ಹಂಚಿಕೊಂಡದ್ದಕ್ಕೆ ಧನ್ಯವಾದ ಎಂದಿತ್ತು.

ಪುಟ್ಟಸ್ವಾಮಿಯವರು ಲಾಂಗ್ ಐಲೆಂಡಿನ ಹಿಕ್ಸ್‌ವಿಲ್‌ನ ರೈಲು ನಿಲ್ದಾಣದ ಹತ್ತಿರ ಒಂದು ಇಂಡಿಯನ್ ಅಂಗಡಿಯಲ್ಲಿದ್ದಾರೆ ಎಂದು ವಿಚಾರಿಸಿ ತಿಳಿದುಕೊಂಡೆ. ನವೆಂಬರಿನ ಒಂದು ಶನಿವಾರ ಡ್ರೈವ್ ಮಾಡಿಕೊಂಡು ಹೋದೆ. ಸೇತುವೆಗಳ ಮೇಲೆ ಟ್ರಾಫಿಕ್ಕು, ಎರಡೂವರೆ ಗಂಟೆಯಾಯಿತು. ಅಂಗಡಿಯ ಹಿಂಭಾಗದಲ್ಲಿ ಕರಿಬೇವಿನ ಕಟ್ಟು ಮಾಡುತ್ತಿದ್ದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಬಲಗೈಯ ಎರಡು ಬೆರಳು ನೆಟ್ಟಗೇ ನಿಂತಿದ್ದವು. ಕಟ್ಟಿಗೆ ರಬ್ಬರ್ ಬ್ಯಾಂಡನ್ನು ಹಲ್ಲಿನಿಂದ ಹಿಡಿದು ಹಾಕುತ್ತಿದ್ದರು. ನನ್ನನ್ನು ತಕ್ಷಣ ಗುರುತು ಹಿಡಿದರು.

"ಬನ್ನಿ ಮೇಡಂ. ಚೆನ್ನಾಗಿದ್ದೀರಾ?"

ನಾನು ವಿಶ್ವವಿದ್ಯಾಲಯಕ್ಕೆ ಬರೆದ ಪತ್ರದ ಪ್ರತಿ ಕೊಟ್ಟೆ. ಪಕ್ಕದಲ್ಲಿ ಸಾಮಾನಿನ ಪಟ್ಟಿ ನೋಡುತ್ತಿದ್ದ ಯುವತಿಯನ್ನು ಕರೆದು, "ಮೇಘಾ, ಇದ ಓದವ್ವ," ಎಂದರು. ಅವಳು ನಿಧಾನವಾಗಿ ಓದಿದಳು, ತಂದೆಗೆ ಕನ್ನಡದಲ್ಲಿ ಹೇಳುತ್ತ ಹೋದಳು. ಗ್ರಾಂಟ್ ಹಚ್ಚಿಟ್ಟ ಬತ್ತಿಯನ್ನು ನಾನು ಕಂಡೆ ಎಂಬ ಸಾಲಿಗೆ ಬಂದು ತಲೆಯೆತ್ತಿದಳು.

"ಯೂ ವರ್ ದೇರ್?" ಎಂದು ನನ್ನನ್ನು ಕೇಳಿದಳು. "ನೀವು ಅಲ್ಲೇ ಇದ್ರಾ ಆಂಟಿ?"

ಹೂಂ ಎಂದೆ. ಅವಳು ಪತ್ರವನ್ನು ಕರಿಬೇವಿನ ಮೇಲಿಟ್ಟು ಮುಂದಿನ ಕೌಂಟರಿಗೆ ಹೊರಟುಹೋದಳು.

"ಇದೆಲ್ಲ ನಂಗೆ ಗೊತ್ತಿತ್ತು," ಎಂದರು ಪುಟ್ಟಸ್ವಾಮಿಯವರು. "ಹೆಸ್ರು ಗೊತ್ತಿರ್ಲಿಲ್ಲ. ಅವತ್ತು ಅಡುಗೆಮನೆ ಕಿಂಡಿಯಿಂದ ನೋಡ್ದೆ. ನೀವು ಶಾಲು ಹಿಡ್ಕಂಡು ಆ ಬಾಗ್ಲಿಂದ ಈಚೆಗೆ ಬಂದ್ರಿ. ನಗ್ತಾ ಬಂದ್ರಿ. ಒಳಗೆ ಯಾರೋ ಅವ್ರೆ ಅಂದ್ಕಂಡೆ. ಖಾಲಿ ಮನೆಯಿಂದ ಯಾರೂ ಹಂಗೆ ನಗ್ತಾ ಬರಾಕಿಲ್ಲ."

"ಮತ್ತೆ ವಿಚಾರಣೇಲಿ ಯಾಕೆ ಹೇಳಲಿಲ್ಲ ಅಣ್ಣ? ನನ್ನ ಹೆಸರು ಹೇಳಿದ್ದರೆ ನನ್ನನ್ನ ಕರೆದು ಕೇಳ್ತಿದ್ದರು."

"ಓದೋಕೆ ಬಂದಿರೋ ಹೆಣ್ಣುಮಗ. ನಾನು ಎಳ್ಕಂಡು ಬಂದು ನಿಲ್ಸೋದು ಬ್ಯಾಡ, ತಾನೇ ಬತ್ತದೆ ಅಂದ್ಕಂಡೆ." ಇನ್ನೊಂದು ಹಿಡಿ ಕರಿಬೇವು ಎತ್ತಿಕೊಂಡು ಬುಡ ಸಮ ಮಾಡಿದರು. "ಮಾರ್ಚ್ ಗಂಟ ಕಾದೆ."

ಕ್ಷಮಿಸಿ ಎನ್ನುವ ಮಾತು ಬಾಯಿಗೆ ಬಂದಿತ್ತು. ಅವರ ಕೈ ನೋಡಿ ಹೇಳಲಾಗಲಿಲ್ಲ. ಅವರು ಪತ್ರ ಎತ್ತಿ, ಅದಕ್ಕೆ ಅಂಟಿದ್ದ ಒಂದು ಎಲೆಯನ್ನು ಕೊಡವಿ, ಮಡಿಕೆಯ ಗುರುತಿನ ಮೇಲೇ ಸರಿಯಾಗಿ ಮಡಿಸಿ ನನ್ನ ಕಡೆ ಹಿಡಿದರು.

"ನಿಮ್ಮ ಹತ್ರಾನೇ ಇರ್ಲಿ ಮೇಡಂ," ಎಂದರು. "ನಂಗೆ ಇದು ಬೇಕಾಗಿದ್ದು ಆಗ."